ಮಾಗಿಯ ಚಳಿಯಲ್ಲಿ ಯಂತ್ರದ ನಾಡಿ

ಧನುರ್ಮಾಸದ ಮುಂಜಾವು. ಹಾಸನದ ಬೀದಿಗಳು ಮಂಜಿನ ಮುಸುಕನ್ನು ಇನ್ನೂ ತೆಗೆದಿಲ್ಲ. ದೇವಸ್ಥಾನದಿಂದ ಹುಗ್ಗಿಯ ಪ್ರಸಾದ ಹಿಡಿದು ಮರಳುವವರು ಸೆರಗನ್ನೋ ಶಾಲನ್ನೋ ಕಿವಿಯ ಮೇಲಕ್ಕೆಳೆದುಕೊಂಡು ಬಿರಬಿರನೆ ಹೆಜ್ಜೆ ಹಾಕುತ್ತಿದ್ದಾರೆ. ಅಂತಹ ಹೊತ್ತಿನಲ್ಲಿ ಬಡಾವಣೆಯ ಮನೆಯೊಂದರಿಂದ ತರುಣನೊಬ್ಬ ತನ್ನ ಮೋಟಾರು ಸೈಕಲ್ಲನ್ನು ಹೊರಕ್ಕೆ ತಳ್ಳಿಕೊಂಡು ಬರುತ್ತಾನೆ. ಅಂದು ಭಾನುವಾರ. ಗೆಳೆಯರೊಡನೆ ಮಣ್ಣುಹಾದಿಗಳನ್ನು ಹಿಡಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳನ್ನು ಸುತ್ತಿ, ಊಟದ ಹೊತ್ತಿಗೆ ಮನೆ ಸೇರಬೇಕೆಂಬುದು ಅವನ ಸಂಕಲ್ಪ.

“ಬಿಸಿಲು ಬಂದ ಮೇಲೆ ಹೊರಡಬಾರದೇನೋ? ಕಿವಿಗೆ ಏನಾದರೂ ಸುತ್ತಿಕೋ” ಎಂದು ಬಾಗಿಲಲ್ಲಿ ನಿಂತ ತಾಯಿ ಹೇಳುತ್ತಾಳೆ.

“ಸುತ್ತಿಕೊಂಡಿದ್ದೇನಮ್ಮ” ಎಂದು ಮಗ ಮಫ್ಲರನ್ನು ತೋರಿಸುತ್ತಾನೆ. ಮರುಕ್ಷಣವೇ ಗುಂಡಿಯನ್ನೊತ್ತಿ ಯಂತ್ರವನ್ನು ಎಬ್ಬಿಸಿ, ಎರಡು ಮೂರು ಬಾರಿ ಜೋರಾಗಿ ಗರ್ಜಿಸುವಂತೆ ಮಾಡಿ, ಬೀದಿಯ ಕೊನೆಯಲ್ಲಿ ಮರೆಯಾಗುತ್ತಾನೆ.

ತಾಯಿ ಮಗನ ಕಿವಿಯ ಚಳಿಯನ್ನು ನೆನೆದಳು. ಯಂತ್ರದ ಚಳಿಯನ್ನು ಯಾರೂ ನೆನೆಯಲಿಲ್ಲ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತು ತಣ್ಣಗಾಗಿದ್ದ ಉಕ್ಕು, ಅಲ್ಯೂಮಿನಿಯಮ್‌ಗಳಿಗೆ ಆ ಎರಡು ಗರ್ಜನೆಗಳಿಂದ ಆದ ನೋವು ಸಣ್ಣದಲ್ಲ. ಚಳಿಗಾಲದಲ್ಲಿ ಯಂತ್ರ ಕಾಯುವುದಿಲ್ಲ, ಆದ್ದರಿಂದ ಉಷ್ಣಮಾಪಕದ ಕಡೆ ನೋಡುವ ಅಗತ್ಯವಿಲ್ಲ ಎಂಬುದು ಸವಾರರಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ವಾಸ್ತವದಲ್ಲಿ ಆ ಮಾಪಕವನ್ನು ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದ ಕಾಲವೇ ಚಳಿಗಾಲ.

ಗಾಳಿಯಿಂದ ನೀರಿಗೆ

ಹಳ್ಳ, ದಿಣ್ಣೆ, ಕೆಸರು, ಕಲ್ಲುಗಳ ಮೇಲೆ ಓಡುವುದಕ್ಕಾಗಿಯೇ ಎತ್ತರದ ಚಕ್ರ, ಉದ್ದನೆಯ ಸ್ಪ್ರಿಂಗುಗಳೊಡನೆ ರೂಪಿಸಿದ ಹಗುರವಾದ ಮೋಟಾರು ಸೈಕಲ್ಲಿಗೆ ಡರ್ಟ್ ಬೈಕ್ ಎಂದು ಹೆಸರು. ಇದರಲ್ಲಿ ಸ್ಪರ್ಧೆಗೆಂದೇ ಮಾಡಿದವು ಒಂದು ಬಗೆ. ಅವುಗಳಿಗೆ ನೋಂದಣಿ ಇರುವುದಿಲ್ಲವಾದ್ದರಿಂದ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ರಸ್ತೆಗೂ ಮಣ್ಣಿಗೂ ಹೊಂದುವಂತಹವು ಇನ್ನೊಂದು ಬಗೆ. ಹಾಸನದ ಕಡೆ ಭಾನುವಾರಗಳಂದು ಹೊರಡುವ ತರುಣರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡನೆಯ ಬಗೆ.

ಹಿಂದಿನ ತಲೆಮಾರಿಗೆ ಈ ಉಷ್ಣಮಾಪಕದ ಚಿಂತೆಯೇ ಇರಲಿಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ ಮನೆಮಾತಾದ ಜಾವಾ, ಅದರ ನಂತರದ ಯೆಜ್ದಿ ಇವೆಲ್ಲ ಗಾಳಿಯಿಂದ ತಣಿಯುವ ಯಂತ್ರಗಳು. ಸಿಲಿಂಡರಿನ ಸುತ್ತ ತಟ್ಟೆಗಳನ್ನು ಜೋಡಿಸಿಟ್ಟಂತೆ ಕಾಣುವ ಲೋಹದ ರೆಕ್ಕೆಗಳು. ಓಡುವಾಗ ಬೀಸುವ ಗಾಳಿಯೇ ಅವುಗಳಿಗೆ ಬೀಸಣಿಗೆ. ಕಾವನ್ನು ಅಳೆಯುವ ಉಪಕರಣ ಸವಾರನ ಕಿವಿ ಮತ್ತು ಮೊಣಕಾಲು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಹಾಸನದ ಕೆಲವು ಮನೆಗಳ ಜಗಲಿಯಲ್ಲಿ ಅಂತಹ ಹಳೆಯ ಬಂಡಿಗಳನ್ನು ಇಂದಿಗೂ ಒರೆಸಿ ಇಟ್ಟುಕೊಂಡವರುಂಟು.

ನೀರಿನಿಂದ ತಣಿಸುವ ಯೋಚನೆ ಹೊಸದೇನೂ ಅಲ್ಲ. ಜರ್ಮನಿಯಲ್ಲಿ 1894ರಲ್ಲಿ ಮಾರಾಟಕ್ಕೆಂದು ತಯಾರಾದ ಹಿಲ್ಡೆಬ್ರಾಂಡ್-ವೂಲ್ಫ್‌ಮ್ಯೂಲರ್ ಮೋಟಾರು ಸೈಕಲ್ಲಿನ ಹಿಂಬದಿಯ ಮಡ್‌ಗಾರ್ಡೇ ನೀರಿನ ತೊಟ್ಟಿಯಾಗಿತ್ತು. ಆದರೆ ಮಣ್ಣಿನ ಪಂದ್ಯಗಳ ಬಂಡಿಗಳು ನೀರಿಗೆ ಒಲಿದದ್ದು ಬಹಳ ತಡವಾಗಿ. 1981ರ ಸುಮಾರಿಗೆ ಜಪಾನಿನ ಹೋಂಡಾ, ಯಮಹಾ ಕಂಪನಿಗಳು ತಮ್ಮ ಸ್ಪರ್ಧೆಯ ಬೈಕುಗಳಿಗೆ ರೇಡಿಯೇಟರನ್ನು ಅಳವಡಿಸಿದವು. ಕೆಸರಿನಲ್ಲಿ ಚಕ್ರ ಹೂತು ಯಂತ್ರ ಪೂರ್ತಿ ಶಕ್ತಿಯಿಂದ ದುಡಿಯುತ್ತಿರುವಾಗ ಬಂಡಿಯ ವೇಗ ಮನುಷ್ಯನ ನಡಿಗೆಯಷ್ಟೂ ಇರುವುದಿಲ್ಲ. ಗಾಳಿ ಬೀಸದಿದ್ದರೆ ರೆಕ್ಕೆಗಳಿಂದೇನು ಪ್ರಯೋಜನ? ಇದೇ ಈ ಬದಲಾವಣೆಯ ಕಾರಣ. ಭಾರತದಲ್ಲಿಯೂ 2023ರ ನವೆಂಬರಿನಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, 2025ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 210 ಮೊದಲಾದವು ದ್ರವದಿಂದ ತಣಿಯುವ ಯಂತ್ರಗಳೇ ಆಗಿವೆ.

ಚಳಿ ಮಾಡುವ ಕಿತಾಪತಿ

ಮನುಷ್ಯನ ಮೈಗೆ 37 ಡಿಗ್ರಿಯ ಕಾವು ಹೇಗೋ, ಇಂತಹ ಯಂತ್ರಕ್ಕೆ ಸುಮಾರು 75ರಿಂದ 100 ಡಿಗ್ರಿ ಸೆಂಟಿಗ್ರೇಡಿನ ಕಾವು ಹಾಗೆ. ಯಂತ್ರದಿಂದ ಯಂತ್ರಕ್ಕೆ ಈ ಲೆಕ್ಕ ಸ್ವಲ್ಪ ಬದಲಾಗುವುದರಿಂದ ತಯಾರಕರು ಕೊಡುವ ಕೈಪಿಡಿಯೇ ಪ್ರಮಾಣ. ಜ್ವರವೇರಿದರೆ ಅಪಾಯವೆಂದು ಎಲ್ಲರಿಗೂ ಗೊತ್ತು. ಮೈ ತಣ್ಣಗಾದರೂ ಅಪಾಯವೆಂಬುದನ್ನು ವೈದ್ಯರು ಬಲ್ಲರು. ಯಂತ್ರದ ವಿಷಯದಲ್ಲಿಯೂ ಅದೇ ಮಾತು.

ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಹಾಸನದಲ್ಲಿ ಡಿಸೆಂಬರ್, ಜನವರಿ ತಿಂಗಳ ಮುಂಜಾನೆಗಳಲ್ಲಿ ಪಾದರಸ 13-14 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಕೆಲವು ದಿನ ಅದಕ್ಕಿಂತಲೂ ಕೆಳಗೆ. ಆ ಚಳಿಗೆ ಎಂಜಿನ್ ಆಯಿಲ್ ಮಂದವಾಗುತ್ತದೆ. ಹರಿದು ಎಲ್ಲ ಮೂಲೆಗಳನ್ನು ತಲಪಲು ಅದಕ್ಕೆ ಹೊತ್ತು ಬೇಕು. ಅತ್ತ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲವಾಗಿ, ತಣ್ಣನೆಯ ಯಂತ್ರಕ್ಕೆ ಹೆಚ್ಚು ಪೆಟ್ರೋಲನ್ನು ಉಣಿಸಬೇಕಾಗುತ್ತದೆ. ಹಳೆಯ ಬಂಡಿಗಳಲ್ಲಿ ಸವಾರ ಚೋಕ್ ಎಳೆದು ಮಾಡುತ್ತಿದ್ದ ಈ ಕೆಲಸವನ್ನು ಇಂದು ದ್ರವದ ಉಷ್ಣತೆಯನ್ನು ನೋಡಿಕೊಂಡು ವಿದ್ಯುತ್ ಸಾಧನವೇ ಮಾಡುತ್ತದೆ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಆಯಿಲಿನೊಡನೆ ಬೆರೆಯುತ್ತದೆ. ಉರಿಯುವಿಕೆಯಿಂದ ಹುಟ್ಟಿದ ನೀರಾವಿಯೂ ತಣ್ಣನೆಯ ಗೋಡೆಗೆ ತಗುಲಿ ಹನಿಯಾಗಿ ಅದೇ ಆಯಿಲಿಗೆ ಇಳಿಯುತ್ತದೆ. ಯಂತ್ರ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಹೊರಟುಹೋಗುತ್ತವೆ. ಕಾಯುವ ಮುನ್ನವೇ ನಿಲ್ಲಿಸುವ ಅಭ್ಯಾಸವಾದರೆ ಆಯಿಲಿನ ಮುಚ್ಚಳದ ಒಳಗೆ ಮಜ್ಜಿಗೆಯ ಬಣ್ಣದ ನೊರೆ ಕಟ್ಟಿಕೊಳ್ಳುತ್ತದೆ. ಅದನ್ನು ಕಂಡ ಅನುಭವಿ ಮೆಕ್ಯಾನಿಕ್ ತಲೆಯಾಡಿಸದೆ ಇರಲಾರ.

ಇದಕ್ಕಿಂತಲೂ ಘೋರವಾದ ಇನ್ನೊಂದು ಪ್ರಮಾದವಿದೆ. ಬೆಂಕಿಯ ಎದುರಿಗಿರುವ ಪಿಸ್ಟನ್ ಬೇಗನೆ ಕಾದು ಹಿಗ್ಗುತ್ತದೆ. ಸಿಲಿಂಡರಾದರೋ ತಣ್ಣನೆಯ ದ್ರವದ ನಡುವೆ ನಿಂತಿರುವುದರಿಂದ ನಿಧಾನವಾಗಿ ಕಾಯುತ್ತದೆ. 65 ಮಿಲಿಮೀಟರು ಅಡ್ಡಳತೆಯ ಅಲ್ಯೂಮಿನಿಯಮ್ ಪಿಸ್ಟನ್ 100 ಡಿಗ್ರಿಯಷ್ಟು ಕಾದರೆ ಮಿಲಿಮೀಟರಿನ ಸುಮಾರು ಏಳನೆಯ ಒಂದು ಭಾಗದಷ್ಟು ದಪ್ಪನಾಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಸಂದಾದರೋ ಅದರ ಅರ್ಧದಷ್ಟು ಮಾತ್ರ. ಎರಡೂ ಜೊತೆಜೊತೆಯಾಗಿ ಕಾದರೆ ತೊಂದರೆಯಿಲ್ಲ. ಒಂದು ಮುಂದೋಡಿ ಇನ್ನೊಂದು ಹಿಂದುಳಿದರೆ ಪಿಸ್ಟನ್ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ‘ಎಂಜಿನ್ ಸೀಜ್ ಆಯಿತು’ ಎನ್ನುವುದು. ಎರಡು ಸ್ಟ್ರೋಕಿನ ಬಂಡಿಗಳಲ್ಲಿ ಇದರ ಭಯ ಹೆಚ್ಚು. ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರ ಒಮ್ಮೆಲೇ ಬಿಗಿದುಕೊಂಡು ಸವಾರ ನೆಲಕ್ಕುರುಳುತ್ತಾನೆ. ತಟ್ಟನೆ ಕ್ಲಚ್ಚನ್ನು ಹಿಡಿಯುವುದೊಂದೇ ಆಗ ಉಳಿದ ದಾರಿ. ಆದ್ದರಿಂದ ಇದು ಯಂತ್ರದ ರಿಪೇರಿಯ ವೆಚ್ಚದ ಪ್ರಶ್ನೆ ಮಾತ್ರವಲ್ಲ, ಕೈಕಾಲುಗಳ ಪ್ರಶ್ನೆ.

ನಾಲ್ಕು ಊರು, ನಾಲ್ಕು ಪಾಠ

ಹಾಸನದಿಂದ ಹೊರಟ ತರುಣನ ಹಾದಿಯನ್ನೇ ಹಿಡಿದರೆ ಮಾಪಕದ ಭಾಷೆ ಸುಲಭವಾಗಿ ತಿಳಿಯುತ್ತದೆ.

ಮೊದಲ ಪಾಠ ಹಾಸನದ ಮನೆಯ ಮುಂದೆಯೇ. ಯಂತ್ರವನ್ನು ಎಬ್ಬಿಸಿದ ಮೇಲೆ ಒಂದೆರಡು ನಿಮಿಷ ಮೆಲ್ಲನೆ ತಿರುಗಲು ಬಿಟ್ಟು, ಬಳಿಕ ಹಗುರವಾಗಿ ನಡೆಸಿಕೊಂಡು ಹೋಗುವುದು ಲೇಸು. ಕಾಲು ಗಂಟೆ ನಿಂತಲ್ಲೇ ಓಡಿಸುವುದೂ ತಪ್ಪು. ಹೊರೆಯಿಲ್ಲದ ಯಂತ್ರ ಕಾಯುವುದು ನಿಧಾನ, ಪೆಟ್ರೋಲು ದಂಡ. ಮಾಪಕ 60-70 ಡಿಗ್ರಿ ಮುಟ್ಟುವವರೆಗೆ ಜೋರು ಮಾಡಬಾರದು. ದ್ರವ ಕಾದ ಮಾತ್ರಕ್ಕೆ ಆಯಿಲೂ ಕಾಯಿತೆಂದು ತಿಳಿಯುವಂತಿಲ್ಲ. ಅದು ಯಾವಾಗಲೂ ಸ್ವಲ್ಪ ಹಿಂದೆ. ಮಾಪಕ ತೋರಿಸಿದ ಮೇಲೂ ನಾಲ್ಕಾರು ಮೈಲಿ ತಾಳ್ಮೆ ಬೇಕು.

ಗೊರೂರಿನ ಹೇಮಾವತಿ ಜಲಾಶಯದ ಕಡೆಯಿಂದ ಅರಕಲಗೂಡಿಗೆ ಇಳಿಯುವಾಗ ಎರಡನೆಯ ಪಾಠ. ಅರ್ಕನೆಂದರೆ ಸೂರ್ಯ. ಅವನ ಹೆಸರನ್ನೇ ಹೊತ್ತ ಆ ಊರಿನಲ್ಲಿಯೂ ಮಾಗಿಯಲ್ಲಿ ಅವನ ದರ್ಶನ ತಡವಾಗಿಯೇ. ಶುಂಠಿ, ಮುಸುಕಿನ ಜೋಳದ ಹೊಲಗಳ ನಡುವಿನ ಹಾದಿಯಲ್ಲಿ ಮಂಜು ತುಂಬಿರುತ್ತದೆ. ಇಳಿಜಾರಿನಲ್ಲಿ ಯಂತ್ರಕ್ಕೆ ದುಡಿಮೆಯಿಲ್ಲ; ರೇಡಿಯೇಟರಿಗೆ ಮಾತ್ರ ತಣ್ಣನೆಯ ಗಾಳಿ ಎಡೆಬಿಡದೆ ಬಡಿಯುತ್ತದೆ. ಮಾಪಕ ಇಳಿಯತೊಡಗುತ್ತದೆ. ಇಂತಹ ಸಮಯಕ್ಕೆಂದೇ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟವಿದೆ. ದ್ರವ ತಣ್ಣಗಿರುವಾಗ ಅದು ಮುಚ್ಚಿಕೊಂಡು, ದ್ರವವನ್ನು ರೇಡಿಯೇಟರಿಗೆ ಹೋಗಗೊಡದೆ ಯಂತ್ರದೊಳಗೇ ಸುತ್ತಿಸುತ್ತದೆ. ನಿಯತವಾದ ಕಾವು ಬಂದೊಡನೆ ತೆರೆದುಕೊಳ್ಳುತ್ತದೆ. ಅದರೊಳಗೆ ಅಡಗಿರುವುದು ಕಾದರೆ ಕರಗಿ ಹಿಗ್ಗುವ ಒಂದಿಷ್ಟು ಮೇಣ, ಅಷ್ಟೆ. ಆದರೆ ಸ್ಪರ್ಧೆಯ ಎಷ್ಟೋ ಬೈಕುಗಳಲ್ಲಿ ಭಾರ ಕಡಿಮೆಯಾಗಲೆಂದು ಈ ಕವಾಟವನ್ನೇ ಇಟ್ಟಿರುವುದಿಲ್ಲ. ಅಂತಹವು ಚಳಿಯಲ್ಲಿ ಸದಾ ತಣ್ಣಗೇ ಓಡುತ್ತವೆ. ಅವುಗಳ ಸವಾರರು ರೇಡಿಯೇಟರಿನ ಒಂದು ಭಾಗವನ್ನು ಅಂಟುಪಟ್ಟಿಯಿಂದ ಮುಚ್ಚುವುದುಂಟು. ಹಿಮ ಬೀಳುವ ದೇಶಗಳಲ್ಲಿ ದಿನವಿಡೀ ನಡೆಯುವ ಈ ಉಪಾಯ ಹಾಸನದ ಸೀಮೆಯಲ್ಲಿ ಎರಡು ಗಂಟೆಯ ಮಾತು. ಮುಂಜಾನೆ 13 ಡಿಗ್ರಿಯಿದ್ದ ಗಾಳಿ ಮಧ್ಯಾಹ್ನಕ್ಕೆ 28ನ್ನು ಮುಟ್ಟುತ್ತದೆ. ಪಟ್ಟಿಯನ್ನು ತೆಗೆಯಲು ಮರೆತರೆ ಅದೇ ಯಂತ್ರಕ್ಕೆ ಉರುಳಾಗುತ್ತದೆ.

ಮೂರನೆಯ ಪಾಠ ಹೊಳೆನರಸೀಪುರದ ಸೀಮೆಯಲ್ಲಿ. ಹೊಳೆಯನ್ನು ಹೆಸರಿನಲ್ಲಿಯೇ ಇಟ್ಟುಕೊಂಡ ಊರದು, ಪಕ್ಕದಲ್ಲಿಯೇ ಹೇಮಾವತಿ. ಸುತ್ತಲ ಗದ್ದೆ ಬಯಲುಗಳ ಹಾದಿಗಳಲ್ಲಿ ಹಳ್ಳ ಕೊಳ್ಳಗಳು ಅಡ್ಡ ಬರುತ್ತವೆ. ತಣ್ಣೀರು ಚಿಮ್ಮಿ ರೇಡಿಯೇಟರಿಗೆ ಬಿದ್ದೊಡನೆ ಮಾಪಕ ಸರ್ರನೆ ಇಳಿದು, ಸ್ವಲ್ಪ ಹೊತ್ತಿನಲ್ಲಿಯೇ ಮೊದಲಿನ ಸ್ಥಾನಕ್ಕೆ ಏರಬೇಕು. ಅದು ಆರೋಗ್ಯದ ಲಕ್ಷಣ. ಆದರೆ ನೀರಿನ ಹಿಂದೆಯೇ ಬರುವುದು ಕೆಸರು. ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ಮೆತ್ತಿಕೊಂಡು, ಒಣಗಿ ಗಾರೆಯಂತಾದರೆ ಗಾಳಿಯ ಹಾದಿಯೇ ಮುಚ್ಚಿಹೋಗುತ್ತದೆ. ಆಗ ಹೊರಗೆ ಎಷ್ಟೇ ಚಳಿಯಿದ್ದರೂ ಒಳಗೆ ಕುದಿತ. ಆ ಕೆಸರನ್ನು ಒಣಗುವ ಮುನ್ನವೇ ಮೆಲ್ಲನೆ ನೀರು ಸುರಿದು ತೊಳೆಯಬೇಕು. ಸರ್ವೀಸ್ ಅಂಗಡಿಯ ರಭಸದ ನೀರನ್ನು ಹತ್ತಿರದಿಂದ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಿಚಿಕೊಳ್ಳುತ್ತವೆ.

ಚಳಿ, ನೀರು ಎರಡೂ ಸೇರಿ ಯಂತ್ರವನ್ನು ಹೇಗೆ ಕಾಡಬಲ್ಲವೆಂಬುದಕ್ಕೆ ದೂರದ ನಿದರ್ಶನವೊಂದಿದೆ. 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿ ಬೊಲಿವಿಯಾದ ಉಯುನಿ ಉಪ್ಪಿನ ಬಯಲನ್ನು ಹಾಯ್ದಿತು. ಸುಮಾರು 12,000 ಅಡಿ ಎತ್ತರ, ಮೈ ಕೊರೆಯುವ ಚಳಿ, ಮಳೆಯಿಂದ ಬಯಲೆಲ್ಲ ಉಪ್ಪುನೀರು. ಆ ನೀರು ಹೊಕ್ಕು ಪ್ರಸಿದ್ಧ ಸವಾರರ ಬೈಕುಗಳೂ ಕೆಟ್ಟು ನಿಂತವು. ಆ ವರ್ಷದ ಸ್ಪರ್ಧೆಯನ್ನು ಕೊನೆಯವರೆಗೂ ಓಡಿ 36ನೆಯ ಸ್ಥಾನ ಪಡೆದವರು ಬೆಂಗಳೂರಿನ ಸಿ. ಎಸ್. ಸಂತೋಷ್. ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರು ಅವರೇ. ವೇಗದಷ್ಟೇ ಯಂತ್ರದ ಪಾಲನೆಯೂ ಅಂತಹ ಪಂದ್ಯಗಳಲ್ಲಿ ಮುಖ್ಯವೆಂದು ಬೇರೆ ಹೇಳಬೇಕಾದುದಿಲ್ಲ.

ಸುಳ್ಳಾಡುವ ಮಾಪಕ

ನಾಲ್ಕನೆಯ ಪಾಠವೇ ಎಲ್ಲಕ್ಕಿಂತ ಕಠಿಣವಾದುದು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದತ್ತ ತಿರುಗಿದರೆ ಗದ್ದೆಗಳು ಹಿಂದೆ ಸರಿದು ತೆಂಗಿನ ತೋಟಗಳು, ಕೆರೆಯ ಏರಿಗಳು, ಕಲ್ಲುಬಂಡೆಯ ಬೋರೆಗಳು ಎದುರಾಗುತ್ತವೆ. ಮಂಜು ಕರಗಿದೆ, ಆದರೆ ಗಾಳಿಯಲ್ಲಿ ಇನ್ನೂ ಚಳಿಯಿದೆ. ಹಿಂದೆ ಎಲ್ಲೋ ಕಲ್ಲಿಗೆ ತಗುಲಿ ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತಾಗಿದೆಯೆಂದಿಟ್ಟುಕೊಂಡರೆ, ದ್ರವ ಹನಿಹನಿಯಾಗಿ ಸೋರುತ್ತದೆ. 85, 90, 98 ಎಂದು ಏರುತ್ತಿದ್ದ ಮಾಪಕ ಒಮ್ಮೆಲೇ ಇಳಿಯತೊಡಗುತ್ತದೆ: 80, 65, 50. ಸವಾರ “ಗಾಳಿ ತಣ್ಣಗಿದೆ, ಬಂಡಿ ತಂಪಾಯಿತು” ಎಂದು ಸಮಾಧಾನಪಟ್ಟು ಇನ್ನಷ್ಟು ಜೋರಾಗಿ ಓಡಿಸುತ್ತಾನೆ.

ನಡೆದಿರುವುದೇ ಬೇರೆ. ಮಾಪಕದ ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿರುವ ವಸ್ತುವಿನ ಕಾವನ್ನು; ಯಂತ್ರದ ಕಾವನ್ನಲ್ಲ. ದ್ರವದ ಮಟ್ಟ ಅದರ ಕೆಳಕ್ಕೆ ಇಳಿದುಹೋದರೆ ಅದರ ಸುತ್ತ ಉಳಿಯುವುದು ಬರಿಯ ಗಾಳಿ. ಗಾಳಿಯು ಲೋಹದ ಕಾವನ್ನು ದ್ರವದಂತೆ ಹೊತ್ತು ತರಲಾರದು. ಯಂತ್ರ ಒಳಗೆ ಬೇಯುತ್ತಿರುವಾಗ ಮಾಪಕ ತಂಪೆಂದು ಹೇಳುತ್ತದೆ. ಬೇಸಿಗೆಯಲ್ಲಾದರೆ ಈ ಇಳಿತ ಸವಾರನಿಗೆ ಕೂಡಲೇ ಅನುಮಾನ ಹುಟ್ಟಿಸುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಈ ಸುಳ್ಳಿಗೆ ಚಳಿಯೇ ಸಾಕ್ಷಿ ನುಡಿಯುತ್ತದೆ.

ಈ ದೋಷಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಅಮೆರಿಕದ ಹ್ಯಾರಿಸನ್ ಬಾಯ್ಸ್ ಎಂಬಾತ 1912ರಲ್ಲಿ ಹಕ್ಕುಪತ್ರ ಪಡೆದ ‘ಮೋಟೋಮೀಟರ್’ ಕಾರುಗಳ ರೇಡಿಯೇಟರಿನ ಮುಚ್ಚಳದ ಮೇಲೆ ಕಿರೀಟದಂತೆ ಕೂರುತ್ತಿತ್ತು. ಹಳೆಯ ಕಾರುಗಳ ಚಿತ್ರಗಳಲ್ಲಿ ಮೂತಿಯ ಮೇಲೆ ದುಂಡಗೆ ಕಾಣುವ ಗಾಜಿನ ಬಿಲ್ಲೆ ಅದೇ. ಅದು ಅಳೆಯುತ್ತಿದ್ದುದು ನೀರಿನ ಮೇಲಿನ ಆವಿಯ ಕಾವನ್ನು. ಇಂದಿನ ಸೆನ್ಸರು ದ್ರವದೊಳಗೇ ಮುಳುಗಿರುತ್ತದೆಂಬುದು ದೊಡ್ಡ ಸುಧಾರಣೆ. ಆದರೆ ದ್ರವವೇ ಇಲ್ಲದಾಗ ಅದೂ ಕುರುಡು.

ಹಾಗಾದರೆ ನಿಜವಾದ ತಂಪನ್ನು ಸುಳ್ಳು ತಂಪಿನಿಂದ ಬೇರ್ಪಡಿಸುವುದು ಹೇಗೆ? ಇಳಿಯುವ ರೀತಿಯಿಂದ. ಇಳಿಜಾರು, ಮಂಜು, ಹಳ್ಳದ ನೀರು ಮೊದಲಾದ ಕಾರಣವೊಂದು ಕಣ್ಣಿಗೆ ಕಾಣುತ್ತಿದ್ದು, ಅದು ಕಳೆದೊಡನೆ ಮಾಪಕ ಮತ್ತೆ ಏರಿದರೆ ಅದು ನಿಜವಾದ ತಂಪು. ಏರುದಾರಿಯಲ್ಲಿ, ಯಂತ್ರ ದುಡಿಯುತ್ತಿರುವಾಗಲೇ ಕಾರಣವಿಲ್ಲದೆ ಇಳಿದರೆ ಅಥವಾ ಮೊದಲು ಏರಿ ಬಳಿಕ ಧುಮುಕಿದರೆ, ಕೂಡಲೇ ಬಂಡಿಯನ್ನು ನಿಲ್ಲಿಸಿ ಯಂತ್ರವನ್ನು ಆರಿಸಬೇಕು. ಸಿಹಿಯಾದ ವಾಸನೆ, ಕಾಲಿನ ಬಳಿ ಹನಿದ ಬಣ್ಣದ ನೀರು, ಎಳೆತದಲ್ಲಿ ಸೋಮಾರಿತನ ಇವೆಲ್ಲ ಸೋರಿಕೆಯ ಗುರುತುಗಳು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ದ್ರವ ಮುಖಕ್ಕೆ ಎರಚಿ ಸುಡುತ್ತದೆ. ಅರ್ಧ ಗಂಟೆಯಾದರೂ ಕಾದು, ಯಂತ್ರ ಮುಟ್ಟುವಷ್ಟು ತಣಿದ ಮೇಲೆಯೇ ಮಟ್ಟವನ್ನು ನೋಡತಕ್ಕದ್ದು.

ಕೆಲವು ಬೈಕುಗಳಲ್ಲಿ ಅಂಕಿಯ ಬದಲು ಒಂದು ಕೆಂಪು ದೀಪವಷ್ಟೇ ಇರುತ್ತದೆ. ಅದು ಕಾವು ಮಿತಿಮೀರಿದಾಗ ಮಾತ್ರ ಹತ್ತುವಂಥದು. ತಂಪಿನ ವಿಷಯದಲ್ಲಿ ಅದು ಮೂಕ. ಅಂತಹ ಬಂಡಿಗೆ ಅಂಕಿಯನ್ನು ತೋರಿಸುವ ಸಣ್ಣ ಮಾಪಕವನ್ನು ಬೇರೆಯಾಗಿ ಕೊಂಡು ಕೂರಿಸಬಹುದು. ಅದರ ಸೆನ್ಸರನ್ನು ಯಂತ್ರದ ತಲೆಯಿಂದ ರೇಡಿಯೇಟರಿಗೆ ಬಿಸಿ ದ್ರವ ಹರಿಯುವ ಕೊಳವೆಯಲ್ಲಿ ಇಡಬೇಕು. ತಣಿದು ಮರಳುವ ಕೊಳವೆಯಲ್ಲಿಟ್ಟರೆ ಅದು ಹೇಳುವುದು ಯಂತ್ರದ ಸುದ್ದಿಯಲ್ಲ, ರೇಡಿಯೇಟರಿನ ಸುದ್ದಿ.

ಹಿಮವಿಲ್ಲದ ಊರಿಗೆ ಕೂಲಂಟ್ ಏಕೆ?

ಹಾಸನದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಹಾಗಿರುವಾಗ ದುಡ್ಡು ಕೊಟ್ಟು ಕೂಲಂಟ್ ತಂದು ಸುರಿಯುವುದೇಕೆ, ಕೊಳವೆ ಬಾವಿಯ ನೀರೇ ಸಾಲದೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವೇ. ಎಥಿಲೀನ್ ಗ್ಲೈಕಾಲನ್ನು ಶುದ್ಧ ನೀರಿನೊಡನೆ ಸಮಪಾಲಾಗಿ ಬೆರೆಸಿದ ಮಿಶ್ರಣ ಸೊನ್ನೆಗಿಂತ 35 ಡಿಗ್ರಿಗೂ ಹೆಚ್ಚು ಕೆಳಗಿಳಿದಾಗ ಮಾತ್ರ ಹೆಪ್ಪುಗಟ್ಟುತ್ತದೆ. ಲಡಾಖಿಗೆ ಹೊರಟವರಿಗೆ ಇದು ಬೇಕು, ಹಾಸನದವರಿಗೆ ಬೇಡ ಎನ್ನಬಹುದು. ಆದರೆ ಅದೇ ಮಿಶ್ರಣ ಕುದಿಯುವ ಬಿಂದುವನ್ನೂ ಏರಿಸುತ್ತದೆ. 3,000 ಅಡಿ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಟ್ಟಾಗ ಈ ಮಿಶ್ರಣ 120 ಡಿಗ್ರಿ ದಾಟಿದರೂ ಕುದಿಯದು. ಅಲ್ಲದೆ ತುಕ್ಕು ತಡೆಯುವ ದ್ರವ್ಯಗಳೂ ಅದರಲ್ಲಿವೆ. ಕೊಳವೆ ಬಾವಿಯ ಗಡುಸು ನೀರಾದರೋ ಮನೆಯ ಹಂಡೆಯಲ್ಲಿ ಬಿಡುವಂತೆಯೇ ರೇಡಿಯೇಟರಿನ ನಾಳಗಳಲ್ಲಿಯೂ ಬಿಳಿಯ ಗಸಿಯನ್ನು ಬಿಡುತ್ತದೆ.

ಮನೆಯವರು ನೆನಪಿಡಬೇಕಾದ ಮಾತೊಂದಿದೆ. ಈ ದ್ರವ ಸಿಹಿಯಾಗಿರುತ್ತದೆ, ಆದರೆ ಘೋರ ವಿಷ. ಚೆಲ್ಲಿದ್ದನ್ನು ನಾಯಿ, ಬೆಕ್ಕು, ಕರುಗಳು ನೆಕ್ಕಿದರೆ ಪ್ರಾಣಕ್ಕೆ ಸಂಚಕಾರ. ಶರಬತ್ತಿನ ಬಾಟಲಿಯಲ್ಲಿ ಇದನ್ನು ತುಂಬಿಡುವುದು ಮಕ್ಕಳಿರುವ ಮನೆಯಲ್ಲಿ ಮಹಾಪರಾಧ.

ಮಫ್ಲರಿನಷ್ಟು ಹೊತ್ತು

ಇಷ್ಟೆಲ್ಲ ಕೇಳಿದ ಮೇಲೆ ಇದೊಂದು ದೊಡ್ಡ ವಿದ್ಯೆಯೆಂದು ಹೆದರಬೇಕಾದುದಿಲ್ಲ. ಹೊರಡುವ ಮುನ್ನ, ಯಂತ್ರ ತಣ್ಣಗಿರುವಾಗ, ದ್ರವದ ಮಟ್ಟವನ್ನೊಮ್ಮೆ ನೋಡುವುದು. ಕಾಯುವವರೆಗೆ ಮೆಲ್ಲನೆ ನಡೆಸುವುದು. ಸಮತಟ್ಟಾದ ಹಾದಿಯಲ್ಲಿ ತನ್ನ ಬಂಡಿ ಎಷ್ಟು ಡಿಗ್ರಿಯಲ್ಲಿ ನೆಮ್ಮದಿಯಾಗಿ ಓಡುತ್ತದೆಂಬುದನ್ನು ನೆನಪಿಟ್ಟುಕೊಳ್ಳುವುದು. ಅಲ್ಲಿಂದ ಮೇಲೆ ಹೋದರೂ ಕೆಳಗೆ ಬಂದರೂ ಏಕೆಂದು ಕೇಳಿಕೊಳ್ಳುವುದು. ಹಿಂದಿನವರು ಎತ್ತುಗಳನ್ನು ಬಂಡಿಗೆ ಹೂಡುವ ಮುನ್ನ ಮೈದಡವಿ, ಮೂಗಿನ ತೇವ ನೋಡಿ, ಮೇವು ಮುಟ್ಟಿದೆಯೇ ಎಂದು ವಿಚಾರಿಸುತ್ತಿದ್ದರು. ಅದೇ ಅಕ್ಕರೆ ಇಲ್ಲಿಗೂ ಸಾಕು.

ಮಧ್ಯಾಹ್ನ ಒಂದು ಗಂಟೆ. ಅವರೆಕಾಳಿನ ಸಾರಿನ ಪರಿಮಳ ಬೀದಿಯವರೆಗೆ ಹರಡಿದೆ. ಚನ್ನರಾಯಪಟ್ಟಣದ ಹೆದ್ದಾರಿಯಿಂದ ಶಾಂತಿಗ್ರಾಮದ ಮೇಲೆ ಮರಳಿದ ಬೈಕು ಮನೆಯ ಮುಂದೆ ನಿಲ್ಲುತ್ತದೆ. ತಾಯಿ ಮೊದಲು ನೋಡುವುದು ಮಗನ ಕೈಕಾಲುಗಳನ್ನು, ಎಲ್ಲವೂ ನೆಟ್ಟಗಿವೆ. ಮುಂದಿನ ಭಾನುವಾರ ಅವನು ಮಫ್ಲರ್ ಸುತ್ತಿಕೊಳ್ಳುವ ಮುನ್ನವೇ ಯಂತ್ರವನ್ನು ಎಬ್ಬಿಸಿ, ಗರ್ಜಿಸದೆ ಹಾಗೆಯೇ ಬಿಟ್ಟು, ಆಮೇಲೆ ಕಿವಿಗೆ ಸುತ್ತಿಕೊಂಡು, ತಾಯಿ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೊರಟರೆ, ಅಷ್ಟು ಹೊತ್ತೇ ಬಂಡಿಗೂ ಸಾಕಾಗುತ್ತದೆ.